ಬೀದಿಯಲ್ಲೂ ಸಾಕುಮನೆಗಳಲ್ಲೂ ಬೆಳೆದ ಹುಡುಗನನ್ನು ಪಂದ್ಯಗಳಿಗೆ ಕಳುಹಿಸುತ್ತಿರಬೇಕೇ?

ಪ್ರಶ್ನೆ:
ನಾನು ವಾರಕ್ಕೆ ಮೂರು ದಿನ ಮಕ್ಕಳಿಗೆ ಓಟ ಕಲಿಸುತ್ತೇನೆ. ತಾಯಿಯೊಂದಿಗೆ ಎರಡು ವರ್ಷ ಬಸ್ ನಿಲ್ದಾಣಗಳಲ್ಲಿ ಮಲಗಿ, ಈಗ ಮೂರನೆಯ ಸಾಕುಕುಟುಂಬದಲ್ಲಿರುವ 13 ವರ್ಷದ ಹುಡುಗನೊಬ್ಬ ಆರು ತಿಂಗಳಿಂದ ಬರುತ್ತಿದ್ದಾನೆ. ಉಳಿದವರು ಚೀಲಗಳನ್ನು ಮರದ ಕೆಳಗೆ ರಾಶಿ ಹಾಕಿದರೆ, ಇವನು ತನ್ನದನ್ನು ಟ್ರ್ಯಾಕಿನ ಅಂಚಿನಲ್ಲೇ ಇಟ್ಟು, ಪ್ರತಿ ಸುತ್ತಿನಲ್ಲೂ ಕತ್ತು ಹೊರಳಿಸಿ ನೋಡಿಕೊಳ್ಳುತ್ತಾನೆ. 800 ಮೀಟರ್ ಓಟಕ್ಕೆ ಹೇಳಿ ಮಾಡಿಸಿದ ಹುಡುಗ. ಆದರೆ ಕಳೆದ ಪಂದ್ಯದಲ್ಲಿ ನಾಲ್ಕನೆಯವನಾದ ಮೇಲೆ ಎರಡು ವಾರ ಮುಖ ತೋರಿಸಲಿಲ್ಲ, ಬಂದವನು ಮೊದಲು ಕೇಳಿದ್ದು, "ಸರ್, ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆಯಾ?" ಅವನನ್ನು ಸ್ವಲ್ಪ ಕಾಲ ಪಂದ್ಯಗಳಿಂದ ದೂರವಿಡುವುದು ಒಳ್ಳೆಯದೇ?

ಉತ್ತರ 1:
ದಯವಿಟ್ಟು ದೂರವಿಡಬೇಡಿ, ಅವನು ಅದನ್ನು ಶಿಕ್ಷೆಯೆಂದೇ ತಿಳಿಯುತ್ತಾನೆ. ಏಳು ವರ್ಷಗಳಲ್ಲಿ ಐದು ಮನೆ ಬದಲಿಸಿದವಳು ನಾನು. ತಪ್ಪು ಮಾಡಿದರೆ ಇಲ್ಲಿಂದಲೂ ಕಳುಹಿಸುತ್ತಾರೆ ಎಂಬುದು ನಮ್ಮಂಥವರ ಮೈಯಲ್ಲೇ ಇಳಿದುಬಿಟ್ಟಿರುತ್ತದೆ, ಮಾತಿನಿಂದ ಅದು ಹೋಗುವುದಿಲ್ಲ. ನನ್ನ ವಾಲಿಬಾಲ್ ಮೇಡಂ ಸೋತ ದಿನವೂ ಗೆದ್ದ ದಿನವೂ ಅಂಕಗಳ ಮಾತೆತ್ತುವ ಮೊದಲೇ, ಮುಂದಿನ ಅಭ್ಯಾಸದ ದಿನ ಮತ್ತು ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡುತ್ತಿದ್ದರು. ನಾಲ್ಕನೆಯ ಮನೆಗೆ ಹೋದಾಗ ಎರಡು ತಿಂಗಳು ನನಗೆ ಬರಲಾಗಲಿಲ್ಲ. ಮರಳಿದ ದಿನ ನನ್ನ 7ನೇ ಸಂಖ್ಯೆಯ ಅಂಗಿ ಒಗೆದು ಮಡಚಿದ ಹಾಗೆಯೇ ಅವರ ಕಪಾಟಿನಲ್ಲಿತ್ತು. ನಾನು ಮೊದಲ ಬಾರಿಗೆ ಜೋರಾಗಿ ಅತ್ತದ್ದು ಅಂದು.

ಉತ್ತರ 2:
ಬ್ರಿಟನ್ನಿನ ಜಾವೆಲಿನ್ (ಈಟಿ) ಎಸೆತಗಾರ್ತಿ ಫಾತಿಮಾ ವಿಟ್‌ಬ್ರೆಡ್ ನೆನಪಾಗುತ್ತಾರೆ. ಹಸುಳೆಯಾಗಿದ್ದಾಗಲೇ ಹೆತ್ತವಳು ಬಿಟ್ಟುಹೋದ್ದರಿಂದ ಮಕ್ಕಳ ಆಶ್ರಮಗಳಲ್ಲಿ ಬೆಳೆದ ಅವರನ್ನು, ಹದಿಹರೆಯದಲ್ಲಿ ಜಾವೆಲಿನ್ ತರಬೇತುದಾರರಾದ ಮಾರ್ಗರೆಟ್ ವಿಟ್‌ಬ್ರೆಡ್ ಅವರ ಕುಟುಂಬ ದತ್ತು ತೆಗೆದುಕೊಂಡಿತು, 1986ರಲ್ಲಿ 77.44 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ ಅವರು ಮರುವರ್ಷ ರೋಮ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಇಂಥ ಕಥೆಯನ್ನು ಆ ಹುಡುಗನ ಮುಂದೆ ಗುರಿಯೆಂದು ಇಡಬೇಡಿ. ಪದಕ ಬಂದರೆ ಮನೆಯೂ ಸಿಗುತ್ತದೆ ಎಂದು ಮಗು ಲೆಕ್ಕ ಹಾಕಲು ಶುರುಮಾಡಿದರೆ ಪ್ರತಿ ಸೋಲೂ ಮನೆ ಕಳೆದುಕೊಂಡಂತಾಗುತ್ತದೆ. ನೀವು ಅವನ ತರಬೇತುದಾರ, ತಂದೆಯಲ್ಲ ಎಂಬುದನ್ನು ಪ್ರೀತಿಯಿಂದಲೇ ಸ್ಪಷ್ಟಪಡಿಸಿ, ಉಳಿಸಿಕೊಳ್ಳಬಲ್ಲ ಮಾತನ್ನಷ್ಟೇ ಕೊಡಿ.

ಉತ್ತರ 3:
ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ನನ್ನದು ಒಂದೇ ಸೇರ್ಪಡೆ. ಮನೆ ಬದಲಾಯಿಸುವಾಗ ಶಾಲೆಯ ಬಗ್ಗೆ ವಿಚಾರಿಸುತ್ತಾರೆಯೇ ಹೊರತು ಆಟದ ಮೈದಾನವನ್ನು ಯಾರೂ ಕೇಳುವುದಿಲ್ಲ, ಹೀಗಾಗಿ ಮಗುವಿಗೆ ಇದ್ದ ಒಂದೇ ಗಟ್ಟಿ ನಂಟು ಕಡತದಲ್ಲಿ ಕಾಣಿಸದೆ ಕಡಿದುಹೋಗುತ್ತದೆ. ಅಭ್ಯಾಸದ ದಿನಗಳನ್ನು ಅವನ ಆರೈಕೆ ಯೋಜನೆಯಲ್ಲಿ ಬರೆಸಿರಿ. ನೀವಿಲ್ಲದ ದಿನಕ್ಕೆ ಅವನು ನಂಬುವ ಇನ್ನೊಬ್ಬ ಹಿರಿಯರೂ ಮೈದಾನದಲ್ಲಿರಲಿ. ಅವನ ಸಮಾಜ ಕಾರ್ಯಕರ್ತರ ಬಳಿ ನಿಮ್ಮ ದೂರವಾಣಿ ಸಂಖ್ಯೆ ಇದೆಯೇ?