ಸಹಾಯ ಬೇಕು: ಹಳೇ ಪಿಸಿಗೆ ಲಿನಕ್ಸ್ ಹಾಕಿ ಸ್ಟೀಮ್ ಗೇಮ್ ಆಡಬಹುದಾ?

ನಮಸ್ಕಾರ ರೀ ಎಲ್ಲರಿಗೂ. ನಾನು ವಿಜಯಪುರದವನು. ನನ್ನ ಪಿಸಿಯಲ್ಲಿ 4ನೇ ಜನರೇಶನ್ ಐ5, ಜೊತೆಗೆ ಜಿಟಿಎಕ್ಸ್ 1050 ಟಿಐ ಕಾರ್ಡ್ ಇದೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಈ ಪ್ರೊಸೆಸರ್ ನಡೆಯುವುದಿಲ್ಲ. ಹೊಸದಕ್ಕೆ ಈಗ ದುಡ್ಡಿಲ್ಲ, ಹಾಗಾಗಿ ಲಿನಕ್ಸ್ ಹಾಕೋಣ ಅಂತಿದ್ದೇನೆ.

2018ರಲ್ಲಿ ಸ್ಟೀಮ್ ನಡೆಸುವ ಕಂಪನಿ ವಾಲ್ವ್ ಪ್ರೋಟಾನ್ ಎಂಬ ಸಾಫ್ಟ್‌ವೇರ್ ತಂದ ಮೇಲೆ ವಿಂಡೋಸ್ ಗೇಮ್‌ಗಳು ಲಿನಕ್ಸ್‌ನಲ್ಲೂ ಓಡುತ್ತವೆ ಅಂತ ಗೊತ್ತು. ಯಾವ ಗೇಮ್ ಹೇಗೆ ಓಡುತ್ತದೆ ಅಂತ ಬಳಸಿದವರು ಹೇಳುವ ಪ್ರೋಟಾನ್‌ಡಿಬಿ ಸೈಟ್‌ನಲ್ಲಿ ನೋಡಿದೆ, ನನ್ನ ಹೆಚ್ಚಿನ ಗೇಮ್‌ಗಳಿಗೆ ಗೋಲ್ಡ್, ಪ್ಲಾಟಿನಮ್ ಅಂತ ಒಳ್ಳೆಯ ರೇಟಿಂಗ್ ಇದೆ. ವ್ಯಾಲರಂಟ್ ಮಾತ್ರ ಅದರ ಆಂಟಿ-ಚೀಟ್‌ನಿಂದಾಗಿ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ನಡೆಯಲ್ಲ, ಅದನ್ನು ಬಿಟ್ಟಾಯಿತು. (ತಮ್ಮ ಮುನಿಸಿಕೊಂಡಿದ್ದಾನೆ, ಇರಲಿ.)

ತಲೆನೋವು ಇರುವುದು ಗ್ರಾಫಿಕ್ಸ್ ಕಾರ್ಡ್‌ದು. ಎನ್ವಿಡಿಯಾದ 580 ಡ್ರೈವರ್ ಸರಣಿಯೇ ನನ್ನ 1050 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಯ ಕಾರ್ಡ್‌ಗಳಿಗೆ ಕೊನೆಯದು. ಹಾಗಿದ್ದರೆ ಮಿಂಟ್ ಡಿಸ್ಟ್ರೋ (ಲಿನಕ್ಸ್‌ನ ಒಂದು ಬಗೆ) ಹಾಕಿ 580ರಲ್ಲೇ ಉಳಿಯುವುದು ವಾಸಿನಾ? ಸದಾ ಹೊಸ ಆವೃತ್ತಿ ಕೊಡುತ್ತಲೇ ಇರುವ ಆರ್ಚ್ ಥರದ್ದಕ್ಕೆ ಕೈ ಹಾಕಿದರೆ ಅಪ್‌ಡೇಟ್ ಬಂದಾಗಲೆಲ್ಲ ಪೀಕಲಾಟ ಅಲ್ವಾ?

ಇನ್ನೊಂದು. ಗೇಮ್‌ಗಳೆಲ್ಲ ಎನ್‌ಟಿಎಫ್‌ಎಸ್ (ವಿಂಡೋಸ್ ಫಾರ್ಮ್ಯಾಟ್) ಡಿಸ್ಕ್‌ನಲ್ಲಿವೆ. ಅಲ್ಲಿಂದಲೇ ಓಡಿಸಿದರೆ ಪ್ರೋಟಾನ್ ತಕರಾರು ಮಾಡುತ್ತದಂತೆ. ಗೇಮ್ ಫೋಲ್ಡರ್‌ಗಳನ್ನು ಇಎಕ್ಸ್‌ಟಿ4 (ಲಿನಕ್ಸ್ ಫಾರ್ಮ್ಯಾಟ್) ಡಿಸ್ಕ್‌ಗೆ ಕಾಪಿ ಮಾಡಿದರೆ ಸಾಕಾ, ಇಲ್ಲಾ ಎಲ್ಲ ಮತ್ತೆ ಡೌನ್‌ಲೋಡ್ ಮಾಡಬೇಕಾ? ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅಷ್ಟು ಜಿಬಿ ಇಳಿಸುವುದು ಆಗದ ಮಾತು.

ಇದೇ ಕಾರ್ಡ್ ಇಟ್ಟುಕೊಂಡು ಆಡುತ್ತಿರುವವರು ಯಾವ ಡಿಸ್ಟ್ರೋ ಹಾಕಿದ್ದೀರಿ ಹೇಳಿ. ವಿಜಯಪುರ, ಬಾಗಲಕೋಟೆ ಕಡೆಯವರಿದ್ದರೆ ಭಾನುವಾರ ಪಿಸಿ ಹೊತ್ತುಕೊಂಡು ಬರುತ್ತೇನೆ, ಚಹಾ ನನ್ನದು.