ಬೋದಿಗೆ ಅಂದ್ರೆ ತೊಲೆ ಅಲ್ಲ ಪುಟ್ಟಿ

ಪುಟ್ಟಿ, ನೀನು ಹಾಕಿದ ಫೋಟೊ ಈಗ ನೋಡಿದೆ. ಊರ ಮನೆ ರಿಪೇರಿಗೆ ಬಂದ ಬಡಗಿ 'ನಡುಮನೆ ಬೋದಿಗೆ ಸೀಳಿದೆ' ಅಂದರು, ಹಾಗಂದ್ರೆ ಏನು ಅಂತ ಕೇಳಿದ್ದೀಯ. 'ತೊಲೆಗೇ ಹಾಗಂತಾರೆ' ಅಂತ ನಿನ್ನ ಚಿಕ್ಕಪ್ಪ ಆಗಲೇ ತೀರ್ಪು ಕೊಟ್ಟಾಗಿದೆ. ಅಲ್ಲ ಕಣಪ್ಪಾ. ವಾಯ್ಸ್ ಕಳಿಸೋಣ ಅಂದ್ರೆ ಇಲ್ಲಿ ದೊಡ್ಡಮ್ಮನ ಮಿಕ್ಸಿ ಸದ್ದು, ಅದಕ್ಕೆ ಬರೀತಿದ್ದೀನಿ.

ಕಂಬದ ತಲೆ ನೋಡು. ಮೇಲೆ ಅಡ್ಡಕ್ಕೆ ಒಂದು ದಪ್ಪ ಮೋಟು ಮರ ಕೂತಿದೆ ಅಲ್ವಾ? ಎರಡೂ ಕಡೆ ಮೊಳದಷ್ಟು ಚಾಚಿದೆ, ತುದಿಯಲ್ಲಿ ಗಿಳಿ ಕೆತ್ತಿದ್ದಾರೆ. ಅದು ಬೋದಿಗೆ. ಅದರ ಮೇಲೆ ಮಲಗಿರುವ ಉದ್ದ ಮರ ತೊಲೆ. ತೊಲೆ ಮೇಲೆ ಸಾಲಾಗಿ ಜೋಡಿಸಿದ್ದು ಜಂತೆ. ಉಂಡ ಮನೆ ಜಂತೆ ಎಣಿಸಬಾರದು ಅಂತಾರಲ್ಲ, ಅದೇ. ಊಟ ಮುಗಿಸಿ ಅಂಗಾತ ಮಲಗಿದರೆ ಕಣ್ಣಿಗೆ ಬೀಳೋದು ಅದೇ ತಾನೇ. ಪಾಪ, ಬೋದಿಗೆಯನ್ನು ಯಾರೂ ಎಣಿಸಲ್ಲ.

ಆದರೆ ಕೆಲಸ ಮಾತ್ರ ದೊಡ್ಡದು. ನಮ್ಮ ತೊಲೆ ಒಂದೇ ಮರವಲ್ಲ, ಎರಡು ತುಂಡು. ಎರಡೂ ಸೇರೋದು ಆ ಕಂಬದ ನೆತ್ತಿಯಲ್ಲಿ. ಕಂಬದ ತಲೆ ಇರೋದೇ ಗೇಣಗಲ, ಒಂದೊಂದು ತುಂಡಿಗೆ ಅರ್ಧ ಗೇಣು ಜಾಗ ಸಿಕ್ಕಿದರೆ ಸಾಕಾಗುತ್ತಾ? ಬೋದಿಗೆ ಇದ್ದರೆ ಆರಾಮಾಗಿ ಕೂರುತ್ತವೆ. ಜೊತೆಗೆ, ಕಂಬಗಳ ನಡುವೆ 8 ಅಡಿ ಇದ್ದು ಎರಡೂ ಬದಿಯ ಬೋದಿಗೆ ಒಂದೂವರೆ ಅಡಿ ಮುಂದೆ ಬಂದರೆ, ತೊಲೆ ಬರಿದಾಗಿ ನಿಲ್ಲೋದು 5 ಅಡಿ ಮಾತ್ರ. ಜಾಸ್ತಿ ಬಗ್ಗಲ್ಲ.

ಕಲ್ಲಿನ ಕಟ್ಟಡಕ್ಕೆ ಇದು ಇನ್ನೂ ಬೇಕು. ಕಲ್ಲು ಎಷ್ಟು ಭಾರ ಹೇರಿದರೂ ತಡೆಯುತ್ತೆ, ಬಗ್ಗಿಸಿದರೆ ಮಾತ್ರ ಬಿರಿಯುತ್ತೆ. ಹಂಪಿಗೆ ಹೋದಾಗ ಮಂಟಪದ ಕಂಬಗಳ ಮೇಲ್ತುದಿ ನೋಡು, ಬೋದಿಗೆಯಿಂದ ತಾವರೆ ಮೊಗ್ಗು ತಲೆಕೆಳಗಾಗಿ ಇಳಿಬಿದ್ದಿರುತ್ತೆ. ತಮಿಳಿನವರೂ ಇದಕ್ಕೆ ಪೋದಿಗೈ ಅಂತಲೇ ಅಂತಾರೆ.

ಈಗ ನೀನು ಮಾಡಬೇಕಾದ್ದು: ಆ ಸೀಳಿಗೆ ಉಳಿ ತುದಿ ಚುಚ್ಚಿ ನೋಡೋಕೆ ಬಡಗಿಗೆ ಹೇಳು. ಗಟ್ಟಿ ಇದ್ದರೆ ಒಣಗಿ ಬಂದ ಬಿರುಕು ಇರಬಹುದು. ಪುಡಿ ಉದುರಿದರೆ ಹುಳವೋ ಗೆದ್ದಲೋ ತಿಂದಿರಬಹುದು, ಬದಲಾಯಿಸಲೇಬೇಕು. ಹಾಗಾದರೆ ತೊಲೆಯ ಎರಡೂ ತುಂಡಿಗೆ ಜಾಕಿ ಕೊಟ್ಟ ಮೇಲೇ ಬೋದಿಗೆಗೆ ಕೈ ಹಚ್ಚಲಿ. ಸಿಮೆಂಟ್ ಮೆತ್ತಿ ಬಿಡೋಣ ಅಂತ ಚಿಕ್ಕಪ್ಪ ಹೇಳ್ತಾನೆ, ಕೇಳಬೇಡ.

ಮತ್ತೆ ಹಳೇದನ್ನು ಹಂಡೆ ಒಲೆಗೆ ಹಾಕಬೇಡಿ. ಗಿಳಿ ಇರೋ ಕಡೆ ನನಗೆ ಎತ್ತಿಡು.