ರಾಕ್ ಸಂಗೀತದ ‘ಎನ್‌ಕೋರ್’: ‘ಒನ್ಸ್ ಮೋರ್’ ಎನ್ನಬಹುದೇ, ‘ಕೊಸರು’ ಎನ್ನಬಹುದೇ?

ಮಾನ್ಯರೇ,

ರಾಕ್ ಸಂಗೀತದ ತಂಡವೊಂದು ಕೊನೆಯ ಹಾಡು ಮುಗಿಸಿ ವೇದಿಕೆಯಿಂದ ಇಳಿದುಹೋದ ಮೇಲೂ ಜನ ಕದಲದೆ ನಿಂತು ಕೂಗಿ ಕರೆದಾಗ, ತಂಡದವರು ಮರಳಿ ಬಂದು ಹಾಡುವ ಒಂದೆರಡು ಹಾಡುಗಳಿಗೆ ಇಂಗ್ಲಿಷಿನಲ್ಲಿ ‘ಎನ್‌ಕೋರ್’ ಎನ್ನುತ್ತಾರೆ. ಇದಕ್ಕೆ ಹೊಂದುವ ಪದವು ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಆಡುಮಾತಿನಲ್ಲಿಯಾಗಲಿ, ಕಂಪನಿ ನಾಟಕ ಮತ್ತು ಬಯಲಾಟದವರ ಮಾತಿನಲ್ಲಿಯಾಗಲಿ ಬಳಕೆಯಲ್ಲಿತ್ತೇ ಎಂಬುದು ನನ್ನ ಪ್ರಶ್ನೆ.

ಕಾಲೇಜಿನ ವಾರ್ಷಿಕ ಸಂಚಿಕೆಯ ಕನ್ನಡ ವಿಭಾಗವನ್ನು ತಿದ್ದಿ ಕೊಡುವ ಕೆಲಸ ನನ್ನದು. ಈ ಸಲ ಧಾರವಾಡದ ವಿದ್ಯಾರ್ಥಿನಿಯೊಬ್ಬಳು, ತಾನು ಗೆಳತಿಯರೊಡನೆ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಬಯಲಿನಲ್ಲಿ ನಿಂತುಕೊಂಡೇ ತನ್ನ ಮೆಚ್ಚಿನ ತಂಡದ ಹಾಡು ಕೇಳಿದ ರಾತ್ರಿಯ ಬಗ್ಗೆ ಬರೆದುಕೊಟ್ಟಿದ್ದಾಳೆ. ಲೇಖನ ಬಹಳ ಚೆನ್ನಾಗಿದೆ. ಗಿಟಾರಿನ ಮೊದಲ ಮೀಟು ಕಿವಿಗಿಂತ ಮುಂಚೆ ಎದೆಗೂಡಿಗೆ ತಾಗಿದ್ದು, ಪರಿಚಯವೇ ಇಲ್ಲದವರೆಲ್ಲ ಒಂದೇ ಸಾಲನ್ನು ಒಟ್ಟಿಗೆ ಹಾಡಿದ್ದು, ಕೊನೆಯ ಬಸ್ಸಿನ ಹೊತ್ತಾಗಿದ್ದರೂ ಯಾರೂ ಹೊರಡದೆ ನಿಂತದ್ದು, ಇವೆಲ್ಲವೂ ಕಣ್ಣಿಗೆ ಕಟ್ಟುವಂತೆ ಬಂದಿವೆ. ತೊಡಕಾದದ್ದು ಒಂದು ವಾಕ್ಯ: ‘ನಾವೆಲ್ಲ ಒನ್ಸ್ ಮೋರ್, ಒನ್ಸ್ ಮೋರ್ ಎಂದು ಕೂಗಿದೆವು, ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೆ ಬಂದು, ಅಲ್ಲಿಯವರೆಗೂ ಹಾಡದೆ ಉಳಿಸಿಕೊಂಡಿದ್ದ ಹಾಡನ್ನು ಹಾಡಿದರು.’

ಕರಡು ಓದಿದ ನಮ್ಮ ನಿವೃತ್ತ ಮಾಸ್ತರರೊಬ್ಬರು ಇಲ್ಲಿಯೇ ನಿಂತರು. ಅವರು ಗದಗಿನವರು, ಕಂಪನಿ ನಾಟಕಗಳನ್ನು ನೋಡುತ್ತ ಬೆಳೆದವರು. ‘ಒನ್ಸ್ ಮೋರ್ ಅಂದ ಮ್ಯಾಲೆ ಅದ ಪದಾ ತಿರುಗಿ ಹಾಡಬೇಕಲ್ಲ? ಮಂದಿ ಒಂದು ಕೇಳಿದರ ಇವರು ಮತ್ತೊಂದು ಹಾಡಿದರ ಹೆಂಗ?’ ಎಂದು ಕೇಳಿದರು. ಅದಕ್ಕೆ ಆ ಹುಡುಗಿ, ‘ಸರ, ಅದ ಹಾಡು ಮತ್ತ ಹಾಡಿದ್ದರ ನಮಗ ಬ್ಯಾಸರ ಆಗತಿತ್ತು’ ಎಂದಳು. ಇಬ್ಬರ ಮಾತೂ ಸರಿ. ಕೂಗು ಒಂದೇ ಆದರೂ ಅದರಿಂದ ಒಬ್ಬರು ಕೇಳುತ್ತಿದ್ದುದು ಒಂದನ್ನು, ಇನ್ನೊಬ್ಬರು ಕೇಳುತ್ತಿರುವುದು ಬೇರೊಂದನ್ನು.

ನಮ್ಮ ರಂಗಭೂಮಿಯಲ್ಲಿ ‘ಒನ್ಸ್ ಮೋರ್’ ಎಂಬುದಕ್ಕೆ ಖಚಿತವಾದ ಅರ್ಥವಿತ್ತು. ಪಾತ್ರಧಾರಿ ರಂಗಗೀತೆ ಮುಗಿಸುತ್ತಲೇ, ಮುಂದಿನ ಮಾತು ಆರಂಭವಾಗುವ ಮೊದಲೇ ಕೂಗು ಏಳಬೇಕು; ಕಾಲುಪೆಟ್ಟಿಗೆಯವರು (ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ನುಡಿಸುವವರು) ಸ್ವರ ಹಿಡಿಯಬೇಕು; ಅದೇ ಹಾಡು ಹೊಸ ಆಲಾಪ, ತಾನಗಳೊಂದಿಗೆ ಮತ್ತೊಮ್ಮೆ ಬರಬೇಕು. ಸತ್ತು ಬಿದ್ದ ಪಾತ್ರ ಎದ್ದು ನಿಂತು ಹಾಡಿ, ಮತ್ತೆ ಮಲಗಿತೆಂದು ಹಿರಿಯರು ಹೇಳುವುದುಂಟು. ಈ ರೂಢಿ ಮರಾಠಿ ಸಂಗೀತ ನಾಟಕಗಳಿಗೂ ನಮ್ಮ ಕಂಪನಿಗಳಿಗೂ ಸಮಾನವಾದದ್ದು. ಮರಾಠಿ ಗಾಯಕನಟ ಬಾಲಗಂಧರ್ವರಿಗೆ ಬೀಳುತ್ತಿದ್ದ ಒನ್ಸ್ ಮೋರ್‌ಗಳ ಮಾತು ಇಂದಿಗೂ ಕೇಳಿಬರುತ್ತದೆ. ಕುಂದಗೋಳದ ಸವಾಯಿ ಗಂಧರ್ವರು ರಂಗದ ಮೇಲೆ ಹೆಸರು ಮಾಡಿದವರು; ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿದವರು. ಅಂದರೆ ನಮ್ಮ ಭಾಗದಲ್ಲಿ ಇದು ಇಂಗ್ಲಿಷಿನ ತುಣುಕಾಗಿ ಉಳಿದಿಲ್ಲ. ‘ಒನ್ಸ್ ಮೋರ್ ಬಿತ್ತು’, ‘ಒನ್ಸ್ ಮೋರ್ ತಗೊಂಡ’ ಎಂಬ ಕ್ರಿಯಾಪದಗಳನ್ನು ಕೂಡಿಸಿಕೊಂಡು ಕನ್ನಡದ ಮಾತೇ ಆಗಿದೆ. ಇಷ್ಟು ಗಟ್ಟಿಯಾಗಿ ನೆಲೆನಿಂತ ಅರ್ಥವನ್ನು ಸಡಿಲಿಸಿ ಬೇರೊಂದಕ್ಕೆ ಹೊಂದಿಸುವುದಕ್ಕೆ ನನಗೆ ಮನಸ್ಸು ಬಾರದು.

ಎನ್‌ಕೋರ್ ಕೂಡ ಮೊದಲಿಗೆ ಇದೇ ಅರ್ಥದಲ್ಲಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ‘ಮತ್ತೆ’ ಎಂಬ ಅರ್ಥದ ಫ್ರೆಂಚ್ ಪದ. 18ನೆಯ ಶತಮಾನದ ಲಂಡನ್ನಿನ ಆಪೆರಾ ಪ್ರೇಕ್ಷಕರು ಹಾಗೆ ಕೂಗುತ್ತಿದ್ದುದು ಈಗಷ್ಟೇ ಹಾಡಿದ ಹಾಡನ್ನು ತಿರುಗಿ ಹಾಡಿಸುವುದಕ್ಕಾಗಿ. (ಫ್ರೆಂಚರು ಇದಕ್ಕಾಗಿ ಕೂಗುವುದು ‘ಎರಡು ಸಲ’ ಎಂಬ ಅರ್ಥದ ‘ಬಿಸ್’ ಎಂಬ ಲ್ಯಾಟಿನ್ ಪದವನ್ನು.) 1786ರಲ್ಲಿ ವಿಯೆನ್ನಾದಲ್ಲಿ ಮೊಜಾರ್ಟನ ಆಪೆರಾ ಒಂದರ ಆರಂಭದ ಪ್ರದರ್ಶನಗಳಲ್ಲಿ ಜನ ಒಂದೊಂದೇ ಭಾಗವನ್ನು ತಿರುಗಿ ಹಾಡಿಸಿ ಆಟವನ್ನು ಲಂಬಿಸಿದಾಗ, ಒಬ್ಬರಿಗಿಂತ ಹೆಚ್ಚು ಜನ ಸೇರಿ ಹಾಡುವ ಭಾಗಗಳನ್ನು ಇನ್ನು ಮುಂದೆ ಪುನಃ ಹಾಡಕೂಡದೆಂದು ಚಕ್ರವರ್ತಿ ಎರಡನೆಯ ಜೋಸೆಫ್ ಆಜ್ಞೆ ಮಾಡಿದ. ಕಾಲ ಕಳೆದಂತೆ ಅರ್ಥ ಜರುಗಿತು. ಅದೇ ಹಾಡಿನ ಬದಲು ಹೆಚ್ಚಿನ ಹಾಡು ಎಂದಾಯಿತು, ನಡುವೆ ಏಳುತ್ತಿದ್ದ ಕೂಗು ಕೊನೆಗೆ ಬಂದಿತು. 1956ರಲ್ಲಿ ಅಮೆರಿಕದ ಶ್ರೀವ್‌ಪೋರ್ಟ್‌ನಲ್ಲಿ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿ ಹೋದ ಮೇಲೂ ಅವನೇ ಬೇಕೆಂದು ಜನ ಗದ್ದಲ ಹಾಕಿದಾಗ, ನಿರೂಪಕ ಹೊರೇಸ್ ಲೋಗನ್ ಎಲ್ವಿಸ್ ಈಗಾಗಲೇ ಕಟ್ಟಡ ಬಿಟ್ಟು ಹೋಗಿದ್ದಾನೆಂದು ಸಾರಬೇಕಾಯಿತು. ಪದವೊಂದು ಅಲ್ಲಿ ಹೀಗೆ ಜರುಗಿದ್ದರಿಂದ ನಮ್ಮ ಒನ್ಸ್ ಮೋರ್ ಕೂಡ ಅದರ ಹಿಂದೆಯೇ ಜರುಗಲಿ ಎನ್ನುವವರಿದ್ದರೆ ಅವರ ವಾದವನ್ನು ಕೇಳಲು ನಾನು ಸಿದ್ಧ. ಆದರೆ ಆಗ ಹಳೆಯ ಅರ್ಥಕ್ಕೆ ನಾವು ಯಾವ ಪದವನ್ನು ಇಟ್ಟುಕೊಳ್ಳುವುದು?

ಹಿಂದೂಸ್ತಾನಿ ಬೈಠಕ್ಕಿನ ಮಾತುಗಳನ್ನೂ ಯೋಚಿಸಿ ನೋಡಿದೆ. ‘ಫರ್ಮಾಯಿಶ್’ ಎಂಬುದು ಕೇಳುಗರ ಬೇಡಿಕೆ; ಅದು ಕಾರ್ಯಕ್ರಮದ ನಡುವೆಯೂ ಬರಬಹುದು ಮತ್ತು ಇಂಥದೇ ಹಾಡು ಎಂದು ಹೆಸರು ಹಿಡಿದು ಕೇಳುವಂಥದು. ‘ಭೈರವಿ’ಯಂತೂ ತೀರ ವಿರುದ್ಧ ದಿಕ್ಕಿನದು. ಭೈರವಿ ಹಾಡಿದರೆಂದರೆ ಕಛೇರಿ ಮುಗಿಯಿತು. ಅದರ ಮೇಲೆ ಇನ್ನೊಂದು ರಾಗವನ್ನು ಎತ್ತಿಕೊಳ್ಳುವ ರೂಢಿಯಿಲ್ಲ, ತಿಳಿದ ಕೇಳುಗರು ಕೇಳುವುದೂ ಇಲ್ಲ. ‘ಮಂಗಳ’ವೂ ಹಾಗೆಯೇ ಬಾಗಿಲು ಮುಚ್ಚುವ ಪದ. ಮುಗಿಯಿತೆಂದು ತೋರಿಸಿ, ಆಮೇಲೆ ಮತ್ತೆ ತೆರೆಯುವ ಈ ಪದ್ಧತಿಯೇ ನಮ್ಮ ಸಂಗೀತಕ್ಕೆ ಹೊಸದಾಗಿರುವುದರಿಂದ ಅಲ್ಲಿ ಪದ ಸಿಗದಿರುವುದು ಸಹಜ.

ನನ್ನ ಮನಸ್ಸು ಹೋಗಿರುವುದು ‘ಕೊಸರು’ ಎಂಬ ಪದದ ಕಡೆಗೆ. ಸಂತೆಯಲ್ಲಿ ಚುರುಮುರಿಯನ್ನು ಸೇರಿನಲ್ಲಿ ಅಳೆದು ಹಾಕಿದ ಮೇಲೆ ‘ಒಂದೀಟು ಕೊಸರ ಹಾಕ್ರಿ’ ಎಂದು ಕೇಳಿದರೆ ಮಾರುವವರು ಮೇಲೊಂದು ಹಿಡಿ ಹಾಕುತ್ತಾರೆ. ಅಳತೆ ಮುಗಿದಿದೆ, ಕೊಡಬೇಕಾದದ್ದನ್ನು ಕೊಟ್ಟಾಗಿದೆ; ಆದರೂ ಕೊಳ್ಳುವವರು ಕೇಳುತ್ತಾರೆ, ಮಾರುವವರು ಕೊಡುತ್ತಾರೆ. ಕೇಳದೆ ಕೊಟ್ಟರೆ ಅದಕ್ಕೆ ಕೊಸರಿನ ರುಚಿಯಿಲ್ಲ. ಕೊಡುವವರು ಅದನ್ನು ಮೊದಲೇ ಲೆಕ್ಕದಲ್ಲಿ ಹಿಡಿದಿರುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ. ರಾಕ್ ತಂಡದ ರೀತಿಯೂ ಇದೇ. ನಮ್ಮ ವಿದ್ಯಾರ್ಥಿನಿ ಅಂದು ಕಾರ್ಯಕ್ರಮ ಮುಗಿದ ಮೇಲೆ, ಗಾಯಕರ ಕಾಲಬುಡದಲ್ಲಿ ಅಂಟಿಸಿದ್ದ ಹಾಡುಗಳ ಪಟ್ಟಿಯನ್ನು ಕೇಳಿ ಪಡೆದುಕೊಂಡು ಬಂದಿದ್ದಳು. ಅಭಿಮಾನಿಗಳು ಅದನ್ನು ಜೋಪಾನ ಮಾಡಿಟ್ಟುಕೊಳ್ಳುತ್ತಾರಂತೆ. ಅದರಲ್ಲಿ ಹಾಡುಗಳ ಹೆಸರು ಬರೆದು, ಕೆಳಗೊಂದು ಗೆರೆ ಎಳೆದು, ಗೆರೆಯ ಕೆಳಗೆ ಮತ್ತೆರಡು ಹೆಸರು ಬರೆದಿತ್ತು. ಆ ಗೆರೆಯ ಕೆಳಗಿನದೇ ಎನ್‌ಕೋರ್. ಮೊದಲೇ ಗೊತ್ತಾಗಿದ್ದರೆ ಕೂಗುವ ಉತ್ಸಾಹ ಕುಂದುತ್ತಿತ್ತೇ ಎಂದು ಕೇಳಿದೆ. ‘ಇಲ್ಲ ಸರ, ನಾವು ಕೂಗೋದು ಗೊತ್ತಿದ್ದ ಅವರು ಪಟ್ಟಿ ಬರದಿರತಾರ’ ಎಂದಳು. ಈ ಉತ್ತರ ಕೇಳಿದ ಮೇಲೆ ಕೊಸರಿನ ಮೇಲಿನ ನನ್ನ ಒಲವು ಇನ್ನಷ್ಟು ಬಲವಾಯಿತು.

ಆದರೆ ಎರಡು ಅನುಮಾನಗಳಿವೆ. ಕೊಸರು ಎಂದರೆ ಅಲ್ಪವಾದದ್ದು, ಮೇಲುಚೂರು ಎಂಬ ಛಾಯೆ ಇದೆ. ತಂಡಗಳಾದರೋ ಬಹುಜನ ಬಯಸುವ ಹಾಡನ್ನೇ ಕೊನೆಗೆ ಉಳಿಸಿಕೊಳ್ಳುವುದುಂಟು. ಅತ್ಯುತ್ತಮವಾದುದನ್ನು ಕೊಸರು ಎಂದು ಕರೆದರೆ ಅದಕ್ಕೆ ಕುಂದೆನಿಸೀತೇ? ಇನ್ನೊಂದು, ‘ಕೊಸರಿಕೊಳ್ಳು’, ‘ಕೊಸರಾಡು’ ಎಂಬ ಕ್ರಿಯಾರೂಪಗಳಲ್ಲಿ ಬಿಡಿಸಿಕೊಳ್ಳುವ, ಜಗ್ಗಾಡುವ ಅರ್ಥ ಮುಂದಾಗಿ ನಿಲ್ಲುತ್ತದೆ. ‘ತಂಡವು ಎರಡು ಕೊಸರು ಹಾಡುಗಳನ್ನು ಹಾಡಿತು’ ಎಂದು ಸಮಾಸವಾಗಿ ಬಳಸಿದರೆ ಈ ಗೊಂದಲ ಇರದು ಎಂದು ನನ್ನ ಅನಿಸಿಕೆ.

ಅದೇ ಲೇಖನದ ಇನ್ನೊಂದು ಪದದ ಬಗ್ಗೆಯೂ ಅಭಿಪ್ರಾಯ ಬೇಕು. ಅವಳು ಇಟ್ಟ ಶೀರ್ಷಿಕೆ ‘ಇಂಡಿ ಬ್ಯಾಂಡಿನ ಜೊತೆ ಒಂದು ರಾತ್ರಿ’. ಇಂಡಿ ಎಂಬುದು ‘ಸ್ವತಂತ್ರ’ ಎಂಬ ಅರ್ಥದ ಇಂಗ್ಲಿಷಿನ ‘ಇಂಡಿಪೆಂಡೆಂಟ್’ ಪದದ ಮೊಟಕು ರೂಪ. ಬೆಂಗಳೂರಿನಲ್ಲಿ ಇದು ನಡೆದೀತು. ನಮ್ಮ ಕಡೆಯ ಓದುಗರಿಗೆ ಇಂಡಿ ಎಂದರೆ ವಿಜಯಪುರ ಜಿಲ್ಲೆಯ, ಲಿಂಬೆಗೆ ಹೆಸರಾದ ಊರು, ಬ್ಯಾಂಡ್ ಎಂದರೆ ಮದುವೆಯ ಮೆರವಣಿಗೆಯ ಬಾಜಾದವರು. ಆರ್ಕೆಸ್ಟ್ರಾ ಎಂದು ಬರೆಯೋಣವೆಂದರೆ, ಜಾತ್ರೆಯಲ್ಲಿ, ಗಣೇಶೋತ್ಸವದಲ್ಲಿ ಸಿನಿಮಾ ಹಾಡು ಹಾಡುವ ತಂಡಕ್ಕೆ ಆ ಹೆಸರು ಮೀಸಲಾಗಿದೆ. ನಮ್ಮ ವಿದ್ಯಾರ್ಥಿನಿ ಕೇಳಿದ ತಂಡದವರಾದರೋ ತಾವೇ ಕಟ್ಟಿದ ಹಾಡನ್ನಲ್ಲದೆ ಬೇರೆಯದನ್ನು ಮುಟ್ಟದವರು. ‘ಸ್ವತಂತ್ರ ತಂಡ’ ಎಂದರೆ ಯಾವುದರಿಂದ ಸ್ವತಂತ್ರ ಎಂಬ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಗೆ ಇಂಡಿ ಎಂಬ ಹೆಸರು ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದವರನ್ನು ಸೂಚಿಸುತ್ತಿತ್ತು. ನಮ್ಮಲ್ಲಿ ಅದು ಹೆಚ್ಚಾಗಿ ಸಿನಿಮಾದ ಹಂಗಿಲ್ಲದವರನ್ನು ಸೂಚಿಸುತ್ತದೆ. ಆದ್ದರಿಂದ ‘ಸ್ವಂತ ಹಾಡಿನ ತಂಡ’ ಎಂದು ನಾನು ತಿದ್ದಿದ್ದೇನೆ. ಗಿಟಾರ್, ಡ್ರಮ್ಸ್, ಸೌಂಡ್‌ಚೆಕ್ ಮೊದಲಾದವನ್ನು ಮುಟ್ಟಿಲ್ಲ. ಹಾರ್ಮೋನಿಯಂ ಬಂದ ದಾರಿಯಲ್ಲಿಯೇ ಅವೂ ಬಂದಿವೆ.

ನಮ್ಮ ಜನಪದ ಆಟಗಳಾದ ಶ್ರೀಕೃಷ್ಣ ಪಾರಿಜಾತ ಮತ್ತು ಸಣ್ಣಾಟದ ಮೇಳಗಳನ್ನು ಹತ್ತಿರದಿಂದ ಬಲ್ಲವರು ಇಲ್ಲಿದ್ದಾರೆಂದು ತಿಳಿದಿದ್ದೇನೆ. ಆಯೇರಿ (ಉಡುಗೊರೆ) ಮಾಡಿದವರ ಮಾತಿಗೆ ಮಣಿದು ಹೆಚ್ಚಿನ ಪದ ಹಾಡಿದರೆ ಮೇಳದವರು ಅದನ್ನು ಏನೆಂದು ಕರೆಯುತ್ತಿದ್ದರು? ಮಂಗಳವಾದ ಮೇಲೂ ಹಾಡಿಸಿದ್ದುಂಟೇ? ಕೊಸರು ಎಂಬ ಪದವನ್ನು ಹಾಡಿಗೋ ಮಾತಿಗೋ ಅನ್ವಯಿಸಿ ಆಡಿದ್ದನ್ನು ಯಾರಾದರೂ ಕೇಳಿದ್ದರೆ, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಎಂಬುದನ್ನು ದಯವಿಟ್ಟು ತಿಳಿಸಬೇಕು. ಸಂಚಿಕೆ ಮುಂದಿನ ತಿಂಗಳು ಅಚ್ಚಿಗೆ ಹೋಗಲಿದ್ದು, ಆ ವಾಕ್ಯವನ್ನು ಅಲ್ಲಿಯವರೆಗೆ ಹಾಗೆಯೇ ಬಿಟ್ಟಿದ್ದೇನೆ.